ಅಮ್ಮನಿಗೆ ಟ್ಯೂಬ್ಯುಲರ್ ಕಾರ್ಸಿನೋಮ: ಇಡೀ ಸ್ತನ ತೆಗೆಸಬೇಕಾ?

ಶಿವಮೊಗ್ಗದ ಮಗಳು:
ಅಮ್ಮನಿಗೆ 67 ವರ್ಷ. ಮ್ಯಾಮೋಗ್ರಾಮ್‌ನಲ್ಲಿ ಎಡಗಡೆ 9 ಮಿ.ಮೀ. ಗಂಟು ಕಂಡಿದೆ, ಕೈಗೆ ಸಿಗುವುದಿಲ್ಲ. ಬಯಾಪ್ಸಿಯಲ್ಲಿ ಟ್ಯೂಬ್ಯುಲರ್ ಕಾರ್ಸಿನೋಮ (ಒಂದು ಬಗೆಯ ಸ್ತನ ಕ್ಯಾನ್ಸರ್), ಗ್ರೇಡ್ 1 (ನಿಧಾನವಾಗಿ ಬೆಳೆಯುವಂಥದ್ದು), ಇಆರ್ ಪಾಸಿಟಿವ್ (ಈಸ್ಟ್ರೋಜೆನ್ ಹಾರ್ಮೋನ್‌ಗೆ ಸ್ಪಂದಿಸುವಂಥದ್ದು), ಹರ್2 ನೆಗೆಟಿವ್ (ಬೇಗ ಬೆಳೆಸುವ ಹರ್2 ಪ್ರೋಟೀನ್ ಹೆಚ್ಚಿಲ್ಲ) ಅಂತ ಬಂತು. ಗಂಟು ಮಾತ್ರ ತೆಗೆದರೆ ಸಾಕು ಅಂತಾರೆ ಸರ್ಜನ್. ದೊಡ್ಡಮ್ಮ "ಇಡೀ ತೆಗೆಸಿಬಿಡಿ, ಪೀಡೆ ತೊಲಗಲಿ" ಅಂತ ಹಟ ಹಿಡಿದಿದ್ದಾರೆ. ಈಗ ಅಮ್ಮನೂ ಅದನ್ನೇ ಹೇಳುತ್ತಿದ್ದಾರೆ. ಏನು ಮಾಡಲಿ?

ಹಾಸನದವಳು:
ನನಗೂ ಇದೇ ಆಗಿತ್ತಮ್ಮ, 61ನೇ ವಯಸ್ಸಿಗೆ. ಗಂಟು ಮಾತ್ರ ತೆಗೆಸಿದೆ, ಚೆನ್ನಾಗಿದ್ದೇನೆ. ಕೈಗೆ ಸಿಗದ ಗಂಟಾದ್ದರಿಂದ ಆಪರೇಷನ್ ದಿನ ಬೆಳಗ್ಗೆ ಸ್ಕ್ಯಾನ್ ನೋಡಿಕೊಂಡು ಅಲ್ಲಿಗೆ ಕೂದಲೆಳೆಯಂಥ ತಂತಿ ಚುಚ್ಚಿ ಗುರುತು ಮಾಡಿದರು. ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಕಂಕುಳಿನ ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷೆಗೆ ಕಳಿಸಿದರು. ಆ ಗ್ರಂಥಿ ಹುಡುಕೋಕೆ ನೀಲಿ ಬಣ್ಣ ಚುಚ್ಚುತ್ತಾರೆ. ಆಮೇಲೆ ಮೂತ್ರ ಹಸಿರು-ನೀಲಿ ಬಂದರೆ ಗಾಬರಿ ಬೇಡ ಅಂತ ಅಮ್ಮನಿಗೆ ಈಗಲೇ ಹೇಳಿಡಿ.

ದೊಡ್ಡಮ್ಮನ ಭಯ ಸುಮ್ನೆ ಅಲ್ಲ. ಆದರೆ ಇಡೀ ತೆಗೆಸಿದರೆ ಆಯುಸ್ಸು ಜಾಸ್ತಿಯಾಗಲ್ಲ. ಮಿಲಾನ್‌ನಲ್ಲೂ ಅಮೆರಿಕದಲ್ಲೂ ರೋಗಿಗಳನ್ನು 20 ವರ್ಷ ಗಮನಿಸಿ 2002ರಲ್ಲಿ ಹೇಳಿದ್ದು ಅದನ್ನೇ. ಅವರು ನೋಡಿದ್ದು ಆರಂಭದ ಹಂತದ ಬೇರೆಬೇರೆ ಬಗೆಯ ಸ್ತನ ಕ್ಯಾನ್ಸರ್. ನಿಮ್ಮಮ್ಮನದು ಅವುಗಳಲ್ಲೇ ತುಂಬಾ ಸೌಮ್ಯವಾದದ್ದು.

ಲ್ಯಾಬ್‌ನವನು:
ನಾನು ಪೆಥಾಲಜಿಯಲ್ಲಿ ಕೆಲಸ ಮಾಡುತ್ತೇನೆ. ಸೂಜಿ ಬಯಾಪ್ಸಿಯಲ್ಲಿ ಸಿಗುವುದು ಗಂಟಿನ ಚೂರು ಅಷ್ಟೇ. ಗಂಟಿನ ಶೇ. 90ಕ್ಕಿಂತ ಹೆಚ್ಚು ಭಾಗ ಸಣ್ಣ ಕೊಳವೆಗಳ ಹಾಗಿದ್ದರೆ ಮಾತ್ರ ಇದನ್ನು ಅಪ್ಪಟ ಟ್ಯೂಬ್ಯುಲರ್ ಅನ್ನುತ್ತೇವೆ. ಹಾಗಾಗಿ ಆಪರೇಷನ್ ನಂತರದ ರಿಪೋರ್ಟೇ ಮುಖ್ಯ. ಅಂಚು ಕ್ಲಿಯರ್ ಇದೆಯಾ, ಅಂದರೆ ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲವಾ ಅಂತ ಮೊದಲು ನೋಡಿ. ಅದೇ ಸ್ತನದಲ್ಲಿ ದೂರದೂರಕ್ಕೆ ಬೇರೆ ಗಂಟುಗಳಿದ್ದರೆ ಇಡೀ ತೆಗೆಯುವ ಮಾತು ಬರಬಹುದು.

ಶಿವಮೊಗ್ಗದ ಮಗಳು:
ಬೇರೆ ಗಂಟಿಲ್ಲ. ಕರೆಂಟ್ (ರೇಡಿಯೇಷನ್) ಕೊಡಿಸಲೇಬೇಕಾ?

ಹಾಸನದವಳು:
ನಾನು ಕೊಡಿಸಿದೆ. ನಿಮ್ಮಮ್ಮನ ವಯಸ್ಸಿಗೆ ಕೇಳಿ ನೋಡಬಹುದು. 65 ದಾಟಿದವರ ಮೇಲೆ ಪ್ರೈಮ್-2 ಅಂತ ಒಂದು ಅಧ್ಯಯನ ನಡೆದಿದೆ. ಗ್ರಂಥಿಗೆ ಹರಡದ, 3 ಸೆಂ.ಮೀ. ಮೀರದ, ಹಾರ್ಮೋನ್‌ಗೆ ಸ್ಪಂದಿಸುವ ಗಂಟು ಇದ್ದವರು. ಕರೆಂಟ್ ಇಲ್ಲದವರಲ್ಲಿ 10 ವರ್ಷದೊಳಗೆ ನೂರಕ್ಕೆ ಸುಮಾರು 10 ಜನರಿಗೆ ಅದೇ ಸ್ತನದಲ್ಲಿ ಮರುಕಳಿಸಿತು, ಕೊಟ್ಟವರಲ್ಲಿ ಒಬ್ಬರಿಗೆ. ಬದುಕುಳಿದವರ ಲೆಕ್ಕ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಆದರೆ ಇವರಿಗೆಲ್ಲ ಹಾರ್ಮೋನ್ ತಡೆಯುವ ಮಾತ್ರೆ ಇತ್ತು. ಅದನ್ನು ಬಿಡುವವರು ಕರೆಂಟ್ ಬೇಡ ಅನ್ನಬಾರದು ಅಂತ ನನ್ನ ಅಭಿಪ್ರಾಯ. ಲೆಟ್ರೊಜೋಲ್ ಅನ್ನೋ ಅಂಥ ಮಾತ್ರೆಗೆ ಮಂಡಿ, ಬೆರಳು ಹಿಡಿದುಕೊಳ್ಳುತ್ತವೆ, ಮೂಳೆ ಸವೆಯುತ್ತೆ. ಶುರು ಮಾಡುವ ಮುಂಚೆ ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ.

ಮುಂದಿನ ಸಲ ಸರ್ಜನ್ ಹತ್ತಿರ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿ. ಕೇಳುವುದೆಲ್ಲ ಅವರೇ ಕೇಳಲಿ.