ಕ್ರೋನ್ಸ್ ಕಾಯಿಲೆಯಿರುವ ಮಗಳಿಗೆ ಹೇಗೆ ಆಸರೆಯಾಗಲಿ?

ಪ್ರಶ್ನೆ:
ನನ್ನ 11 ವರ್ಷದ ಮಗಳಿಗೆ ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಇದೆ ಎಂಬುದು ಕಳೆದ ತಿಂಗಳು ಎಂಡೋಸ್ಕೋಪಿಯಿಂದ ಖಚಿತವಾಯಿತು. ಊಟವನ್ನು ಪೂರ್ತಿ ನಿಲ್ಲಿಸಿ, 6 ವಾರಗಳ ಕಾಲ ಪೌಷ್ಟಿಕ ದ್ರವಾಹಾರವನ್ನಷ್ಟೇ ಕೊಡಬೇಕೆಂದು ವೈದ್ಯರು ಹೇಳಿದ್ದಾರೆ. ನಾವೆಲ್ಲ ಊಟಕ್ಕೆ ಕುಳಿತಾಗ ಅವಳು ಮೌನವಾಗಿ ಎದ್ದುಹೋಗುತ್ತಾಳೆ; ತರಗತಿಯಲ್ಲಿ ಶೌಚಾಲಯಕ್ಕೆ ಅನುಮತಿ ಕೇಳಲು ನಾಚಿ ನೋವನ್ನು ನುಂಗಿಕೊಳ್ಳುತ್ತಾಳೆ. ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ 1:
ನನ್ನ ಮಗನೂ ಇದೇ ಚಿಕಿತ್ಸೆಯನ್ನು ಪೂರೈಸಿದ್ದಾನೆ. ಮಕ್ಕಳಲ್ಲಿ ಈ ದ್ರವಾಹಾರವು ಸ್ಟೀರಾಯ್ಡ್‌ಗಳ ಬದಲಿಗೆ ಕರುಳಿನ ಉರಿಯೂತವನ್ನು ತಗ್ಗಿಸಬಲ್ಲದು ಮತ್ತು ಅವುಗಳಂತೆ ಬೆಳವಣಿಗೆಯನ್ನು ಕುಂಠಿತಗೊಳಿಸುವುದಿಲ್ಲ ಎಂಬುದೇ ನಮಗೆ ದೊಡ್ಡ ಧೈರ್ಯವಾಗಿತ್ತು. ಮೊದಲ ವಾರ ನಿಜಕ್ಕೂ ಕಠಿಣವಾಗಿತ್ತು. ದ್ರವವನ್ನು ತಣ್ಣಗೆ ಮಾಡಿ, ಮುಚ್ಚಳವಿರುವ ಲೋಟದಲ್ಲಿ ಸ್ಟ್ರಾ ಹಾಕಿ ಕೊಡುತ್ತಿದ್ದೆವು. ಮನೆಯವರು ಊಟ ಮಾಡುವ ಹೊತ್ತಿಗೆ ನಾನು ಅವನೊಂದಿಗೆ ನಡೆದಾಡಲು ಹೋಗಿ, ಹಿಂದಿರುಗಿದ ಮೇಲೆ ಉಣ್ಣುತ್ತಿದ್ದೆ. ಕುಡಿಯಲು ಸಾಧ್ಯವೇ ಆಗದಿದ್ದರೆ ಮೂಗಿನ ನಳಿಕೆಯ ದಾರಿಯೂ ಇದೆ. ಅದನ್ನು ಅವಳು ತನ್ನ ಸೋಲೆಂದು ಭಾವಿಸದಂತೆ ನೋಡಿಕೊಳ್ಳಿ.

ಉತ್ತರ 2:
ಕೇಳದೆಯೇ ತರಗತಿಯಿಂದ ಎದ್ದುಹೋಗುವ ಅನುಮತಿಗಾಗಿ ವೈದ್ಯರ ಪತ್ರವನ್ನು ಶಾಲೆಗೆ ಕೊಡಿ, ಚೀಲದಲ್ಲಿ ಒಂದು ಜೊತೆ ಬಟ್ಟೆ ಇರಲಿ. ಗೆಳತಿಯರಿಗೆ ಎಷ್ಟು ಹೇಳಬೇಕೆಂಬುದನ್ನು ಮಾತ್ರ ಅವಳೇ ನಿರ್ಧರಿಸಲಿ.

ಉತ್ತರ 3:
ಒಂದು ಎಚ್ಚರಿಕೆಯ ಮಾತು: ಹೊಟ್ಟೆನೋವು ಹೋಯಿತೆಂದು ಔಷಧಿಯನ್ನು ನಿಲ್ಲಿಸಬೇಡಿ, ಏಕೆಂದರೆ ಲಕ್ಷಣಗಳು ಮರೆಯಾದ ಮೇಲೂ ಒಳಗೆ ಉರಿಯೂತ ಉಳಿದಿರಬಹುದು, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಿಂದ ಅದರ ಸುಳಿವು ಸಿಗುತ್ತದೆ. ಜ್ವರ ಬಂದಾಗ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಕೊಡಬೇಡಿ. ಅವಳ ಎತ್ತರ ಮತ್ತು ತೂಕವನ್ನು ಪ್ರತಿ ತಿಂಗಳು ಬರೆದಿಡಿ.