ಸಹಾಯ ಬೇಕು: ಆಟೋಮ್ಯಾಟಿಕ್ ಕಾರು, ಸಿಗ್ನಲ್ ಮತ್ತು ಹ್ಯಾಂಡ್‌ಬ್ರೇಕ್
ಎಲ್ಲರಿಗೂ ನಮಸ್ಕಾರ. ಆಟೋಮ್ಯಾಟಿಕ್ ಓಡಿಸುವವರು ದಯವಿಟ್ಟು ಸ್ವಲ್ಪ ತಿಳಿಸಿ.

ರಾತ್ರಿ ಹೊತ್ತು ಸಾಲಾಗಿ ನಿಂತಾಗ ಮುಂದಿನ ಕಾರಿನ ಬ್ರೇಕ್ ಲೈಟ್ ನೇರ ಕಣ್ಣಿಗೆ ಹೊಡೆಯುತ್ತದೆ. ಮಳೆಯಲ್ಲಿ ಗಾಜು ಒದ್ದೆಯಾಗಿದ್ದರಂತೂ ಇನ್ನೂ ಜಾಸ್ತಿ. ನನ್ನ ಹಿಂದಿನವರಿಗೆ ಆ ತೊಂದರೆ ಕೊಡಬಾರದು ಅಂತ ಆಸೆ. ಬ್ರಿಟನ್ನಿನ ಹೈವೇ ಕೋಡ್‌ನ 114ನೇ ನಿಯಮವೂ ಇದನ್ನೇ ಹೇಳುತ್ತದೆ: ಸಾಲಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ವಾಹನ ನಿಂತ ಮೇಲೆ ಕಾಲಿನ ಬ್ರೇಕ್ ಬಿಡಬೇಕು. ಹಿಂದಿನವರು ಬಂದು ನಿಲ್ಲುವವರೆಗೆ ಲೈಟ್ ಉರಿಯುತ್ತಿರಬೇಕು, ಅದು ನ್ಯಾಯವೇ ಅಲ್ವಾ.

ಮ್ಯಾನುಯಲ್‌ನಲ್ಲಿ ಸುಲಭ. ನ್ಯೂಟ್ರಲ್ ಮಾಡಿ ಲಿವರ್ ಎಳೆದರೆ ಆಯಿತು, ಕ್ಲಚ್ ಮೇಲಿನ ಕಾಲಿಗೂ ಬಿಡುವು. ಆಟೋಮ್ಯಾಟಿಕ್‌ನಲ್ಲೇ ನನಗೆ ಗೊಂದಲ. 'ಡಿ'ಯಲ್ಲೇ (ಮುಂದಕ್ಕೆ ಓಡಿಸುವ ಗೇರ್) ಇಟ್ಟು ಹ್ಯಾಂಡ್‌ಬ್ರೇಕ್ ಎಳೆದರೆ ಕಾರು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. 'ಪಿ'ಗೆ (ಪಾರ್ಕ್) ಹಾಕೋಣ ಅಂದರೆ 'ಆರ್' (ರಿವರ್ಸ್) ದಾಟುವಾಗ ರಿವರ್ಸ್ ಲೈಟ್ ಮಿನುಗುತ್ತದೆ, ಹಿಂದಿನವರು ಸುಮ್ನೆ ಗಾಬರಿಯಾಗುತ್ತಾರೆ. ಆಟೋ ಹೋಲ್ಡ್ (ಕಾಲು ತೆಗೆದರೂ ಬ್ರೇಕ್ ಹಿಡಿದಿಡುವ ಸೌಲಭ್ಯ) ಇದ್ದರೂ ಎಷ್ಟೋ ಕಾರುಗಳಲ್ಲಿ ಬ್ರೇಕ್ ಲೈಟ್ ಆರುವುದಿಲ್ಲ.

ಹಾಗಾದರೆ 'ಎನ್' (ನ್ಯೂಟ್ರಲ್) ಮತ್ತು ಹ್ಯಾಂಡ್‌ಬ್ರೇಕ್ ಸರಿಯಾದ ದಾರಿಯೇ? ಪದೇ ಪದೇ 'ಎನ್', 'ಡಿ' ಬದಲಿಸಿದರೆ ಗೇರ್‌ಬಾಕ್ಸ್‌ಗೆ ತೊಂದರೆ ಇದೆಯಾ? ಎಷ್ಟು ಹೊತ್ತು ನಿಲ್ಲುವುದಾದರೆ ನೀವು ಹೀಗೆ ಮಾಡುತ್ತೀರಿ? ದಿನಾ ಓಡಿಸುವವರ ಅನುಭವ ತಿಳಿದರೆ ತುಂಬಾ ಉಪಕಾರ.