ಮಣಿಕಟ್ಟಿಗೆ ಪ್ಲೇಟ್ ಹಾಕಿದ ಮೇಲೆ ಹೆಬ್ಬೆರಳಿನ ಕಿರಿಕಿರಿ

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಡಾಕ್ಟ್ರೇ. ಅಮ್ಮ ಮಳೆಗಾಲದಲ್ಲಿ ಸ್ಟೇಷನ್ ಮೆಟ್ಟಿಲ ಮೇಲೆ ಜಾರಿ, ಕೈಯೂರಿ ಬಿದ್ದರು. ಬಲ ಮಣಿಕಟ್ಟು ಮುರಿದು, ಅಂಗೈ ಕಡೆಯಿಂದ ಪ್ಲೇಟ್ ಹಾಕಿದ್ದಾರೆ. ಮೂಳೆ ಕೂಡಿದೆ ಅಂದರು. ಈಗ ಚಪಾತಿ ಲಟ್ಟಿಸುವಾಗ, ಹೆಬ್ಬೆರಳು ಮಡಚಿದರೆ ಒಳಗೆ ಏನೋ ಉಜ್ಜಿದಂತೆ, ‘ಕಟ್’ ಅಂದಂತೆ ಆಗುತ್ತಂತೆ. ವಯಸ್ಸಿಗೆ ಇದ್ದದ್ದೇ ಅಂತ ಬಿಡಬಹುದಾ?

ಉತ್ತರ (ಮೂಳೆ ಶಸ್ತ್ರಚಿಕಿತ್ಸಕ, ಪುಣೆ): ಬಿಡಬೇಡಿ. ಹೆಬ್ಬೆರಳ ತುದಿ ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಮುಂಗೈಯಲ್ಲಿ ಹೆಬ್ಬೆರಳ ಬದಿಗಿರುವ ರೇಡಿಯಸ್ ಮೂಳೆಯ ತುದಿಗೆ ಅಂಟಿಕೊಂಡೇ ಹಾದುಹೋಗುತ್ತೆ. ಅಲ್ಲಿ ಅಡ್ಡಲಾಗಿ ಒಂದು ಏಣು ಇದೆ, ವಾಟರ್‌ಶೆಡ್ ಲೈನ್ ಅಂತೀವಿ. ಪ್ಲೇಟ್ ಅದರ ಹಿಂದೆಯೇ, ಮೊಣಕೈ ಕಡೆಗೇ ನಿಲ್ಲಬೇಕು. ದಾಟಿದರೆ, ಇಲ್ಲವೇ ಮೂಳೆಯಿಂದ ಎದ್ದು ನಿಂತರೆ, ಟೆಂಡನ್ ಪ್ಲೇಟಿನ ಅಂಚಿಗೆ ತಿಕ್ಕುತ್ತಾ ಸವೆಯುತ್ತೆ. ಹಾಗಂತ ಸರ್ಜನ್‌ದೇ ತಪ್ಪು ಅನ್ನಬೇಡಿ. ಕೀಲಿನ ಅಂಚಿನದೇ ಚೂರು ಮುರಿದಿದ್ದರೆ ಅದನ್ನು ಹಿಡಿಯಲು ಪ್ಲೇಟನ್ನು ಮುಂದಕ್ಕೆ ಇಡಲೇಬೇಕಾಗುತ್ತೆ. ಅಂಥವರಿಗೆ ಮೂಳೆ ಕೂಡಿದ ಮೇಲೆ ಪ್ಲೇಟ್ ತೆಗೆಯೋಣ ಅಂತ ಮೊದಲೇ ಹೇಳಿಡಬೇಕು.

ಪಕ್ಕದಿಂದ ತೆಗೆದ ಎಕ್ಸ್‌ರೇ ಹಾಕಿ. ಮೂಳೆಯ ಅಂಗೈ ಬದಿಯ ಅಂಚಿನಿಂದ ಮೂಳೆಯ ಉದ್ದನೆಯ ದಂಡಕ್ಕೆ ಸಮಾನಾಂತರವಾಗಿ ಗೆರೆ ಎಳೆದು, ಪ್ಲೇಟ್ ಎಷ್ಟು ಆಚೆ ಬಂದಿದೆ ಅಂತ ನೋಡ್ತೀವಿ. 2011ರಲ್ಲಿ ಬಂದ ಸೂಂಗ್ ಗ್ರೇಡಿಂಗ್ ಇದು: ಗೆರೆಯೊಳಗಿದ್ದರೆ 0, ದಾಟಿದರೆ 1, ಅಂಚಿನ ಮೇಲೆಯೇ ಅಥವಾ ಅದರಾಚೆ ಕೂತಿದ್ದರೆ 2. ಎರಡಾದರೆ ನನಗೆ ನಿದ್ದೆ ಬರಲ್ಲ.

ಪ್ರಶ್ನೆ (ಫಿಸಿಯೋ, ಮುಲುಂಡ್): ಸರ್, ಪ್ಲೇಟ್ ಮೇಲೆ ಪ್ರೊನೇಟರ್ ಕ್ವಾಡ್ರೇಟಸ್ (ಮಣಿಕಟ್ಟಿನ ಹತ್ತಿರ ಮೂಳೆಗಳ ಮೇಲೆ ಅಡ್ಡಲಾಗಿರುವ ಸ್ನಾಯು) ಹೊಲಿದು ಮುಚ್ಚಿದರೆ ಸಾಲದಾ?

ಉತ್ತರ: ಆದಷ್ಟು ಹೊಲೀತೀವಿ. ಆದರೆ ಆ ತೆಳು ಸ್ನಾಯು ಎಷ್ಟೋ ಸಲ ರೋಗಿ ಬಿದ್ದಾಗಲೇ ಹರಿದಿರುತ್ತೆ, ಪ್ಲೇಟಿನ ಮುಂದಿನ ತುಟಿಯವರೆಗೆ ಬರೋದೂ ಅನುಮಾನ. ಅದನ್ನು ನಂಬಿ ಪ್ಲೇಟನ್ನು ಮುಂದಿಡಬಾರದು. ಹಿಂಬದಿಯ ಕಾಟ ಬೇರೆ: ಸ್ಕ್ರೂ ಉದ್ದವಾದರೆ ಹೆಬ್ಬೆರಳು ಎತ್ತುವ ಟೆಂಡನ್‌ಗೆ ಚುಚ್ಚುತ್ತೆ. ಮೂಳೆಯ ಹಿಂಬದಿಯ ಗುಬ್ಬಿ, ಅಂದರೆ ಲಿಸ್ಟರ್ಸ್ ಟ್ಯೂಬರ್ಕಲ್, ಉಬ್ಬಿಕೊಂಡಿರೋದರಿಂದ ಪಕ್ಕದ ಎಕ್ಸ್‌ರೇಯಲ್ಲಿ ಸ್ಕ್ರೂ ತುದಿ ಮರೆಯಾಗುತ್ತೆ. ಅದಕ್ಕೇ ಆಪರೇಷನ್ ಥಿಯೇಟರಿನಲ್ಲೇ ಮಣಿಕಟ್ಟು ಪೂರ್ತಿ ಮಡಚಿ, ಮೂಳೆಯ ಹಿಂಬದಿಯ ಅಂಚು ಕಾಣುವ ಎಕ್ಸ್‌ರೇ (ಸ್ಕೈಲೈನ್ ವ್ಯೂ) ನೋಡ್ತೀನಿ, ಕೀಲಿನ ಹತ್ತಿರದ ಸ್ಕ್ರೂಗಳನ್ನು ಅಳತೆಗಿಂತ 2 ಮಿ.ಮೀ. ಚಿಕ್ಕದೇ ಹಾಕ್ತೀನಿ. ಪ್ಲೇಟಿಗೇ ಬಿಗಿದು ಕೂರುವ ಲಾಕಿಂಗ್ ಸ್ಕ್ರೂ ಮೂಳೆಯ ಆಚೆ ಬದಿ ಮುಟ್ಟದಿದ್ದರೂ ಹಿಡಿತ ಸಾಕಾಗುತ್ತೆ.

ಪ್ರಶ್ನೆ (ಡೊಂಬಿವಲಿ): ಅಮ್ಮ ಇನ್ನೊಂದು ಆಪರೇಷನ್ ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ಟೆಂಡನ್ ತುಂಡಾದ ಮೇಲೆ ಮಾಡೋ ಆಪರೇಷನ್ ಪ್ಲೇಟ್ ತೆಗೆಯೋದಕ್ಕಿಂತ ದೊಡ್ಡದು ಅಂತ ಹೇಳಿ. ಸವೆದ ತುದಿಗಳನ್ನು ನೇರ ಜೋಡಿಸೋಕೆ ಸಾಮಾನ್ಯವಾಗಿ ಆಗಲ್ಲ. ಬೇರೆ ಟೆಂಡನ್ ಕಸಿ ಮಾಡಬೇಕು, ಇಲ್ಲವೇ ಉಂಗುರ ಬೆರಳಿನದನ್ನು ತಿರುಗಿಸಿ ತರಬೇಕು. ಸದ್ಯಕ್ಕೆ ಲಟ್ಟಣಿಗೆ ನೀವೇ ಹಿಡೀರಿ. ಈ ವಾರವೇ ಸರ್ಜನ್‌ಗೆ ತೋರಿಸಿ. ಹೆಬ್ಬೆರಳ ತುದಿ ಒಮ್ಮೆಲೇ ಮಡಚದೇ ಹೋದರೆ, ನೋವಿಲ್ಲದಿದ್ದರೂ ಅವತ್ತೇ ಹೋಗಿ. ಆಪರೇಷನ್ ಫೈಲ್ ಮರೀಬೇಡಿ. ಅದರಲ್ಲಿ ಪ್ಲೇಟಿನ ಸ್ಟಿಕ್ಕರ್ ಅಂಟಿಸಿರ್ತಾರೆ, ತೆಗೆಯೋಕೆ ಅದಕ್ಕೆ ಹೊಂದುವ ಸ್ಕ್ರೂಡ್ರೈವರೇ ತರಿಸಬೇಕು.